ಯಾರೂ ಘೋಷಿಸದ ಅಂತರ

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಮುಗಿದೊಡನೆ, ದೇಶಾದ್ಯಂತ ಯಾರು ಎಷ್ಟು ಮತಗಳಿಂದ ಮುಂದಿದ್ದರು ಎಂಬ ಅಂಕಿ ನಮ್ಮ ಪತ್ರಿಕೆಗಳಲ್ಲೂ ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಅಲ್ಲಿನ ಸಂವಿಧಾನದಲ್ಲಿ ಮಾತ್ರ ಆ ಅಂತರಕ್ಕೆ ಯಾವ ಸ್ಥಾನವೂ ಇಲ್ಲ. ಅಧ್ಯಕ್ಷರನ್ನು ಆರಿಸುವವರು 538 ಎಲೆಕ್ಟರ್‌ಗಳು, ಅಂದರೆ ಜನರ ಪರವಾಗಿ ಮತ ಹಾಕಲು ರಾಜ್ಯವಾರು ಆಯ್ಕೆಯಾಗುವ ಪ್ರತಿನಿಧಿಗಳು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಒಂದೇ ಮತದಿಂದ ಮುಂದಿದ್ದವರಿಗೂ ಆ ರಾಜ್ಯದ ಎಲೆಕ್ಟರ್‌ಗಳೆಲ್ಲರೂ ಸಲ್ಲುತ್ತಾರೆ.

2016ರಲ್ಲಿ ಹಿಲರಿ ಕ್ಲಿಂಟನ್ ಒಟ್ಟಾರೆ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಕ್ಯಾಲಿಫೋರ್ನಿಯಾ ಒಂದರಲ್ಲೇ ಅವರ ಮುನ್ನಡೆ 42 ಲಕ್ಷ ದಾಟಿತ್ತು. ಆದರೆ ಅಷ್ಟು ಮತಗಳು ಕೂಡಿಬಂದರೂ ಆ ರಾಜ್ಯ ಕೊಡಬಹುದಾಗಿದ್ದುದು 55 ಎಲೆಕ್ಟರ್‌ಗಳನ್ನು ಮಾತ್ರ. ಡೊನಾಲ್ಡ್ ಟ್ರಂಪ್ ಅವರಿಗಾದರೋ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳ ಮುನ್ನಡೆಯೆಲ್ಲ ಸೇರಿ ಸುಮಾರು 78 ಸಾವಿರವಷ್ಟೇ ಇದ್ದರೂ ಅಧ್ಯಕ್ಷ ಪದವಿಗೆ ಅದೇ ಸಾಕಾಯಿತು. 2018ರ ವಿಧಾನಸಭಾ ಚುನಾವಣೆಯಲ್ಲಿ ಹೆಚ್ಚು ಮತ ಕಾಂಗ್ರೆಸ್‌ಗೂ ಹೆಚ್ಚು ಸ್ಥಾನ ಬಿಜೆಪಿಗೂ ಬಂದುದನ್ನು ಕಂಡ ಕನ್ನಡಿಗರಿಗೆ ಇದು ಒಗಟೆನಿಸಬೇಕಿಲ್ಲ.

2020ರ ಫಲಿತಾಂಶ ಇನ್ನೂ ಸ್ವಾರಸ್ಯಕರ. ಜೋ ಬೈಡನ್ ಮುಂದಿದ್ದುದು ಸುಮಾರು 70 ಲಕ್ಷ ಮತಗಳಿಂದ. ಅದನ್ನು ಭಾರೀ ಗೆಲುವೆಂದು ಬಣ್ಣಿಸಿದವರು ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳತ್ತ ಕಣ್ಣು ಹಾಯಿಸಿದಂತಿಲ್ಲ. ಈ ಮೂರರಲ್ಲಿ ಅವರ ಮುನ್ನಡೆ ಒಟ್ಟು 43 ಸಾವಿರದಷ್ಟಿತ್ತು. ಮೂರೂ ಕೈತಪ್ಪಿದ್ದರೆ ಬೈಡನ್, ಟ್ರಂಪ್ ಇಬ್ಬರಿಗೂ 269 ಎಲೆಕ್ಟರ್‌ಗಳಾಗಿ, ಆಯ್ಕೆ ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಪಾಲಾಗುತ್ತಿತ್ತು. ಅಲ್ಲಿ ರಾಜ್ಯಕ್ಕೆ ಒಂದೇ ಮತ, ಅದು ಅತಿ ಹೆಚ್ಚು ಜನರಿರುವ ಕ್ಯಾಲಿಫೋರ್ನಿಯಾ ಆಗಲಿ ಅತಿ ಕಡಿಮೆ ಜನರಿರುವ ವಯೋಮಿಂಗ್ ಆಗಲಿ.

ದೇಶವ್ಯಾಪಿ ಅಂತರವನ್ನು ನಿಖರವಾಗಿ ಎಣಿಸುವುದೂ ಎಲ್ಲ ಸಲ ಸಾಧ್ಯವಿಲ್ಲ. 1960ರಲ್ಲಿ ಜಾನ್ ಕೆನಡಿ ಅವರು ರಿಚರ್ಡ್ ನಿಕ್ಸನ್‌ರಿಗಿಂತ ಸುಮಾರು 1.13 ಲಕ್ಷ ಮತ ಹೆಚ್ಚು ಪಡೆದರೆಂಬುದು ರೂಢಿಯ ಲೆಕ್ಕ. ಆದರೆ ಅಲಬಾಮಾ ರಾಜ್ಯದಲ್ಲಿ ಜನ ಮತ ಹಾಕಿದ್ದು ಒಬ್ಬೊಬ್ಬ ಎಲೆಕ್ಟರ್‌ಗೂ ಬೇರೆ ಬೇರೆಯಾಗಿ. ಕೆನಡಿಯವರದೇ ಆದ ಡೆಮಾಕ್ರಟಿಕ್ ಪಕ್ಷದ 11 ಮಂದಿ ಎಲೆಕ್ಟರ್‌ಗಳಲ್ಲಿ ಐವರು ಮಾತ್ರ ಕೆನಡಿಗೆ ಬದ್ಧರು. ಉಳಿದ ಆರು ಮಂದಿ ಯಾರಿಗೂ ಮಾತು ಕೊಟ್ಟಿರದೆ, ಕೊನೆಗೆ ಹ್ಯಾರಿ ಬರ್ಡ್ ಎಂಬ ಸೆನೆಟರ್‌ಗೆ ಮತವಿತ್ತರು. ಹೀಗಿರುವಾಗ ಆ ಪಕ್ಷಕ್ಕೆ ಬಿದ್ದ ಸುಮಾರು 3.2 ಲಕ್ಷ ಮತಗಳನ್ನು ಪೂರ್ತಿಯಾಗಿ ಕೆನಡಿ ಖಾತೆಗೆ ಬರೆಯುವುದು ಹೇಗೆ? 11ರಲ್ಲಿ 5 ಪಾಲನ್ನಷ್ಟೇ ಅವರಿಗೆ ಕೊಟ್ಟು ಲೆಕ್ಕ ಹಾಕಿದರೆ, ದೇಶದ ಒಟ್ಟು ಮೊತ್ತದಲ್ಲಿ ನಿಕ್ಸನ್ ಅವರೇ ಸುಮಾರು 58 ಸಾವಿರ ಮತಗಳಿಂದ ಮುಂದಾಗುತ್ತಾರೆ. ಯಾವ ಲೆಕ್ಕ ಹಿಡಿದರೂ ಕೆನಡಿಗೆ ಸಂದ ಎಲೆಕ್ಟರ್ ಮತಗಳು 303.