ಕಣದಲ್ಲಿ ಏಳು ಜನ: ದೊಡ್ಡ ಚಿತ್ರವನ್ನು ನೋಡುವ ಬಗೆ

ಕಳೆದ ಬೇಸಿಗೆಯಲ್ಲಿ ಒಂದು ತೈಲಚಿತ್ರದ ಸ್ಥಿತಿ ಹೇಗಿದೆ ಎಂದು ಪರೀಕ್ಷಿಸಲು ಬೆಂಗಳೂರಿನ ಒಂದು ಮನೆಗೆ ಹೋಗಿದ್ದೆ. ಚಿತ್ರ ಆರು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರವಿತ್ತು. ಸುಗ್ಗಿಯ ಕಣದಲ್ಲಿ ಏಳು ಜನ ದುಡಿಯುತ್ತಿರುವ ದೃಶ್ಯ. ಅದನ್ನು ಸೋಫಾದ ಹಿಂದಿನ ಗೋಡೆಗೆ ತೂಗುಹಾಕಿದ್ದರು. ಎದುರು ಗೋಡೆಯಲ್ಲಿ ಟೀವಿ, ನಡುವೆ ಗಾಜಿನ ಟೀಪಾಯಿ ಇದ್ದುದರಿಂದ, ಪೂರ್ತಿ ಚಿತ್ರವನ್ನು ಕಣ್ಣಿಗೆ ತುಂಬಿಕೊಳ್ಳಲೆಂದು ಹಿಂದೆ ಸರಿದರೆ ಏಳನೆಯ ಅಡಿಗೇ ಬೆನ್ನು ಟೀವಿಗೆ ತಾಗುತ್ತಿತ್ತು. ಮನೆಯ ಯಜಮಾನರು ಸಂಕೋಚದಿಂದಲೇ ಕೇಳಿದರು: "ಇಪ್ಪತ್ತು ವರ್ಷದಿಂದ ಮನೆಯಲ್ಲಿದೆ ಮೇಡಂ. ಬಂದವರೆಲ್ಲ ಚೆನ್ನಾಗಿದೆ ಅಂತಾರೆ. ಆದರೆ ಇದನ್ನ ಹೇಗೆ ನೋಡಬೇಕು ಅಂತ ನಮಗೆ ಗೊತ್ತಿಲ್ಲ."

ಚಿತ್ರಗಳ ಸಂರಕ್ಷಣೆ ನನ್ನ ವೃತ್ತಿ. ಎದ್ದುಬಂದ ಬಣ್ಣವನ್ನು ಕೂರಿಸುವುದು, ಹಳದಿಗಟ್ಟಿದ ವಾರ್ನಿಷ್ ತೆಗೆಯುವುದು, ಜೋತುಬಿದ್ದ ಕ್ಯಾನ್ವಾಸನ್ನು ಬಿಗಿ ಮಾಡುವುದು ನಮ್ಮ ದಿನನಿತ್ಯದ ಕೆಲಸ. ಚಿತ್ರಕ್ಕೆ ಏನಾಗಿದೆ ಎಂದು ಕೇಳಲು ನಮ್ಮನ್ನು ಕರೆಸುತ್ತಾರೆಯೇ ಹೊರತು ಚಿತ್ರದಲ್ಲಿ ಏನಿದೆ ಎಂದು ಕೇಳುವವರು ವಿರಳ. ಆ ದಿನ ಕೇಳಿದ್ದರಿಂದ ಮೊದಲು ಸೋಫಾವನ್ನೂ ಟೀಪಾಯಿಯನ್ನೂ ಪಕ್ಕದ ಕೋಣೆಗೆ ಸಾಗಿಸಿ, ಚಿತ್ರವನ್ನು ಇಳಿಸಿ, ಕೋಣೆಯ ಉದ್ದಕ್ಕೆ ಎದುರಾಗಿ ಒರಗಿಸಿ ನಿಲ್ಲಿಸಿದೆವು. ಚಿತ್ರದ ಅಗಲದ ಒಂದೂವರೆ ಪಟ್ಟಿನಷ್ಟಾದರೂ ದೂರ ಬೇಕೆಂಬುದು ನಾನು ರೂಢಿಸಿಕೊಂಡ ಲೆಕ್ಕ. ಇದು ಶಾಸ್ತ್ರವಲ್ಲ, ಅನುಭವ.

ಹಲವು ಮನುಷ್ಯರಿರುವ ದೊಡ್ಡ ಚಿತ್ರಗಳ ವಿಷಯದಲ್ಲಿ ಒಂದು ಸಂಗತಿ ಮರೆಯಬಾರದು. ಚಿತ್ರದಲ್ಲಿ ಒಟ್ಟಿಗೆ ಕಾಣುವ ಜನ ಚಿತ್ರಕಾರನ ಮುಂದೆ ಒಟ್ಟಿಗೆ ಕುಳಿತಿದ್ದುದು ಅಪರೂಪ. ರೂಪದರ್ಶಿಗಳು ಒಬ್ಬೊಬ್ಬರಾಗಿ ಬಂದು, ಹೇಳಿದ ಭಂಗಿಯಲ್ಲಿ ಗಂಟೆಗಟ್ಟಲೆ ಕೂತು ಹೋಗುತ್ತಾರೆ. ಬೇರೆ ಬೇರೆ ದಿನ, ಬೇರೆ ಬೇರೆ ಬೆಳಕಿನಲ್ಲಿ ಬಂದುಹೋದ ಅವರನ್ನೆಲ್ಲ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಗಾಳಿಯಲ್ಲಿ ಇರುವಂತೆ ಮಾಡುವ ಹೊಣೆ ಚಿತ್ರಕಾರನದು. ಆತ ಈ ಬೆಸುಗೆಯನ್ನು ಹೇಗೆ ಹಾಕಿದ್ದಾನೆ, ಎಲ್ಲಿ ಅದು ಕೂಡಿದೆ, ಎಲ್ಲಿ ಬಿಟ್ಟುಕೊಂಡಿದೆ ಎಂಬುದನ್ನೇ ನಾನು ಹುಡುಕುತ್ತೇನೆ. ಕಥೆ ಯಾವುದು, ಮುಖಗಳು ಎಷ್ಟು ಸುಂದರ ಎಂಬುದೆಲ್ಲ ಆಮೇಲಿನ ಮಾತು.

ಈ ಬೆಸುಗೆಯ ಪಾಠ ಕಲಿಯಲು ನನಗೆ ಗೊತ್ತಿರುವ ಅತ್ಯುತ್ತಮ ಗೋಡೆ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ವೈದ್ಯಶಿಕ್ಷಣ ಪಡೆದಿದ್ದ ಆಲ್ಬರ್ಟ್ ಬಾರ್ನ್ಸ್, ಬೆಳ್ಳಿಯ ಅಂಶವಿದ್ದ ಆರ್ಜಿರಾಲ್ ಎಂಬ ಸೋಂಕುನಿವಾರಕವನ್ನು ಮಾರಿ ಹಣ ಮಾಡಿದವರು. ನವಜಾತ ಶಿಶುಗಳ ಕಣ್ಣಿಗೆ ಹಾಕುತ್ತಿದ್ದ ಔಷಧಿ ಅದು. ಆ ಹಣದಲ್ಲಿ ಅವರು ಚಿತ್ರಗಳನ್ನು ಕೊಂಡರು. 1922ರಲ್ಲಿ ಪ್ರತಿಷ್ಠಾನ ಸ್ಥಾಪಿಸಿ, ನಗರದ ಹೊರವಲಯದ ಮೆರಿಯನ್‌ನಲ್ಲಿ ಕಟ್ಟಡ ಕಟ್ಟಿಸಿ, ಯಾವ ಚಿತ್ರದ ಪಕ್ಕ ಯಾವುದಿರಬೇಕು, ನಡುವೆ ಯಾವ ಕಬ್ಬಿಣದ ಕೀಲು, ಯಾವ ಬೀಗದ ಪಟ್ಟಿ ಇರಬೇಕು ಎಂಬುದನ್ನೂ ತಾವೇ ತೀರ್ಮಾನಿಸಿದರು. ಅವರು 1951ರಲ್ಲಿ ತೀರಿಕೊಂಡರು. ಸಂಗ್ರಹವು ದೊಡ್ಡ ನ್ಯಾಯಾಲಯ ವ್ಯಾಜ್ಯದ ನಂತರ 2012ರಲ್ಲಿ ನಗರದೊಳಗಿನ ಹೊಸ ಕಟ್ಟಡಕ್ಕೆ ಬಂದಾಗಲೂ ಹಳೆಯ ಕೋಣೆಗಳ ಜೋಡಣೆಯನ್ನೇ ಮತ್ತೆ ಕಟ್ಟಿಕೊಡಲಾಯಿತು. ಗೋಣಿಬಟ್ಟೆಯ ಬಣ್ಣದ ಗೋಡೆಗಳು. ಚಿತ್ರಗಳ ಪಕ್ಕದಲ್ಲಿ ವಿವರಣೆಯ ಚೀಟಿಯಿಲ್ಲ. ಓದಲು ಏನೂ ಇಲ್ಲದಿದ್ದಾಗ ಮನುಷ್ಯ ಅನಿವಾರ್ಯವಾಗಿ ನೋಡುತ್ತಾನೆ ಎಂಬುದು ನನಗೆ ಅಲ್ಲಿ ಮನವರಿಕೆಯಾಯಿತು.

ಮೊದಲ ದೊಡ್ಡ ಕೋಣೆಯ ಗೋಡೆಯಲ್ಲಿ ಎರಡು ದೊಡ್ಡ ಚಿತ್ರಗಳು ಒಂದರ ಮೇಲೊಂದು ಇವೆ. ಕೆಳಗಿರುವುದು ಪಾಲ್ ಸೆಜಾನ್ 1890ರಿಂದ 1892ರ ನಡುವೆ ಬರೆದ 'ಇಸ್ಪೀಟ್ ಆಟಗಾರರು'. ಈ ವಿಷಯದ ಮೇಲೆ ಆತ ಬರೆದ ಐದು ಚಿತ್ರಗಳಲ್ಲಿ ಇದೇ ಅತ್ಯಂತ ದೊಡ್ಡದು: 135 ಸೆಂಟಿಮೀಟರ್ ಎತ್ತರ, 182 ಸೆಂಟಿಮೀಟರ್ ಅಗಲ. (ಇನ್ನೊಂದು, ಇಬ್ಬರೇ ಆಟಗಾರರಿರುವುದು, ಕತಾರ್ ರಾಜಮನೆತನದ ಪಾಲಾಗಿ ಬೆಲೆಯ ಕಾರಣಕ್ಕೇ ಜಗತ್ತಿನಾದ್ಯಂತ ಸುದ್ದಿಯಾಯಿತು. ಸಂಗ್ರಾಹಕರ ಮನೆಗಳಲ್ಲಿ ಈ ಸರಣಿಯ ಮಾತೆತ್ತಿದರೆ ಮೊದಲು ಕೇಳಿಬರುವುದು ಆ ಬೆಲೆಯೇ.) ಮೇಜಿನ ಮೂರು ಬದಿಯಲ್ಲಿ ಮೂವರು ಆಡುತ್ತಿದ್ದಾರೆ. ಹಿಂದೆ ಒಂದು ಮಗು ನಿಂತು ನೋಡುತ್ತಿದೆ. ಪೈಪ್ ಸೇದುತ್ತ ಇನ್ನೊಬ್ಬ ನಿಂತಿದ್ದಾನೆ. ಗೋಡೆಗೆ ಸಿಕ್ಕಿಸಿದ ಪೈಪುಗಳು, ಬಲಕ್ಕೆ ಇಳಿಬಿದ್ದ ದಪ್ಪ ಪರದೆ.

ದೂರದಿಂದ ನೋಡುವಾಗ ಮೊದಲು ತಿಳಿಯುವುದು ಮೌನ. ಇಸ್ಪೀಟಾಟದ ಚಿತ್ರಗಳು ಯುರೋಪಿನಲ್ಲಿ ಹೊಸವಲ್ಲ. ಆದರೆ ಹಳೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಹೆಂಡ, ಮೋಸ, ಜಗಳ, ಕಣ್ಸನ್ನೆ ಇರುತ್ತವೆ. ಇಲ್ಲಿ ಯಾರೂ ಗೆಲ್ಲುತ್ತಿರುವಂತೆ ಕಾಣುವುದಿಲ್ಲ, ಸೋಲುತ್ತಿರುವಂತೆಯೂ ಕಾಣುವುದಿಲ್ಲ. ಸೆಜಾನ್ ತನ್ನ ಹುಟ್ಟೂರಾದ ದಕ್ಷಿಣ ಫ್ರಾನ್ಸಿನ ಎಕ್ಸ್‌ನಲ್ಲಿ, ತಂದೆ ಕೊಂಡಿದ್ದ ಜಾ ದ ಬುಫಾನ್ ಎಂಬ ತೋಟದ ಕೆಲಸಗಾರರನ್ನು ಕೂರಿಸಿಕೊಂಡು ಬರೆದವನು. ಒಬ್ಬೊಬ್ಬರದೇ ಪ್ರತ್ಯೇಕ ಅಭ್ಯಾಸಚಿತ್ರಗಳು ಉಳಿದಿರುವುದರಿಂದ, ಇಡೀ ಗುಂಪನ್ನು ಮೇಜಿನ ಸುತ್ತ ಒಟ್ಟಿಗೆ ಕೂರಿಸಿ ಬರೆದಿರಲಿಕ್ಕಿಲ್ಲ ಎಂದು ತಿಳಿಯುತ್ತದೆ. ಹಾಗಿದ್ದರೆ ಬೆಸುಗೆ ಯಾವುದು? ಕಣ್ಣುಗಳನ್ನು ಹಿಂಬಾಲಿಸಿ ನೋಡಿ. ಎಲ್ಲರ ದೃಷ್ಟಿಯೂ ಕೆಳಕ್ಕಿದೆ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿಲ್ಲ. ಬೇರೆ ಬೇರೆಯಾಗಿ ಕೂತವರನ್ನು ಪರಸ್ಪರ ನೋಡುವಂತೆ ಮಾಡಲು ಹೋಗಿದ್ದರೆ ಸುಳ್ಳು ಹೊರಬೀಳುತ್ತಿತ್ತು. ಎಲೆಗಳನ್ನು ಹಿಡಿದು ಕೂತವರಿಗೆ ಪರಸ್ಪರ ನೋಡುವ ಅಗತ್ಯವೇ ಇಲ್ಲ. ಒಬ್ಬೊಬ್ಬರಾಗಿ ಕೂತವರನ್ನು ಒಂದುಗೂಡಿಸಲು ಇದಕ್ಕಿಂತ ಪ್ರಾಮಾಣಿಕವಾದ ಕಾರಣ ಸಿಗುವುದು ಕಷ್ಟ.

ಎರಡನೆಯದು, ನಡುವಿನ ಖಾಲಿ ಜಾಗ. ಎಡಬಲದ ಇಬ್ಬರು ಪಕ್ಕನೋಟದಲ್ಲಿ ಕುಳಿತು, ಎರಡು ಕಂಸಗಳ ಹಾಗೆ ನಡುವಿನವನನ್ನು ಹಿಡಿದಿದ್ದಾರೆ. ಹತ್ತಿರ ಹೋದಂತೆ ಕೋಟುಗಳು, ಕೈಗಳು ನೀಲಿ, ಹಸಿರು, ಕಿತ್ತಳೆಯ ಸಣ್ಣ ತೇಪೆಗಳಾಗಿ ಒಡೆಯುತ್ತವೆ. ಅಂಚಿನ ಗೆರೆಯನ್ನು ಸೆಜಾನ್ ಒಂದೇ ಸಲಕ್ಕೆ ಎಳೆಯುವುದಿಲ್ಲ. ನೀಲಿಯಲ್ಲಿ ಎರಡು ಮೂರು ಸಲ ಅತ್ತಿತ್ತ ತಡವಿ ಬಿಡುತ್ತಾನೆ. ಒಬ್ಬನ ಅಂಚು ಎಲ್ಲಿ ಮುಗಿದು ಮೇಜು ಎಲ್ಲಿ ಶುರುವಾಯಿತು ಎಂದು ಖಚಿತವಾಗಿ ಹೇಳಲಾಗದ ಆ ಜಾಗಗಳಲ್ಲೇ ಬೆಸುಗೆ ಕೂತಿರುವುದು.

ಇದೇ ದೃಶ್ಯದ ಚಿಕ್ಕ ರೂಪ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಮಗುವಿಲ್ಲ, ನಾಲ್ವರೇ ಇದ್ದಾರೆ. ಕ್ಯಾನ್ವಾಸ್ 65 ಸೆಂಟಿಮೀಟರ್ ಎತ್ತರ, 82 ಅಗಲ. ಅಂದರೆ ಬಾರ್ನ್ಸ್ ಚಿತ್ರ ವಿಸ್ತೀರ್ಣದಲ್ಲಿ ಅದರ ನಾಲ್ಕೂವರೆ ಪಟ್ಟಿಗೂ ಹೆಚ್ಚು. ಚಿಕ್ಕದನ್ನು ನಿಂತಲ್ಲೇ ಒಂದು ನೋಟದಲ್ಲಿ ಹಿಡಿಯಬಹುದು. ದೊಡ್ಡದರ ಮುಂದೆ ಕಾಲು ತಾನಾಗಿ ಎಡಕ್ಕೆ ಬಲಕ್ಕೆ ಚಲಿಸುತ್ತದೆ. ನಾವು ಆರನೆಯವರಾಗಿ ಮೇಜಿನ ಖಾಲಿ ಬದಿಗೆ ಬಂದು ನಿಲ್ಲುತ್ತೇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಮಾತ್ರ ಇಲ್ಲ. 2010–11ರಲ್ಲಿ ಲಂಡನ್ ಮತ್ತು ನ್ಯೂಯಾರ್ಕುಗಳಲ್ಲಿ ಈ ಸರಣಿಗೆಂದೇ ಪ್ರದರ್ಶನ ನಡೆದಾಗಲೂ ಬಾರ್ನ್ಸ್ ಚಿತ್ರ ತನ್ನ ಗೋಡೆ ಬಿಟ್ಟು ಕದಲಲಿಲ್ಲ.

ಮೇಲೆ ಇರುವುದು ಜಾರ್ಜ್ ಸರಾ ಬರೆದ 'ರೂಪದರ್ಶಿಗಳು', 1886–88ರದು, ಎರಡು ಮೀಟರ್ ಎತ್ತರ, ಎರಡೂವರೆ ಮೀಟರ್ ಅಗಲ. ಚಿತ್ರಕಾರನ ಕೋಣೆಯಲ್ಲಿ ಮೂವರು ನಗ್ನ ರೂಪದರ್ಶಿಗಳಿದ್ದಾರೆ: ಒಬ್ಬಳು ಎದುರಾಗಿ, ಒಬ್ಬಳು ಬೆನ್ನು ಮಾಡಿ, ಒಬ್ಬಳು ಪಕ್ಕಕ್ಕೆ ತಿರುಗಿ. ಎಡಗೋಡೆಯಲ್ಲಿ ಸರಾ ಬರೆದ ಇನ್ನೊಂದು ಪ್ರಸಿದ್ಧ ಚಿತ್ರದ ಭಾಗ ಕಾಣುತ್ತದೆ. ಸುತ್ತ ಕಳಚಿಟ್ಟ ಉಡುಪುಗಳು, ಟೋಪಿ, ಛತ್ರಿ. ಸೆಜಾನ್ ಮುಚ್ಚಿದ ಬೆಸುಗೆಯನ್ನು ಸರಾ ಬಿಚ್ಚಿಟ್ಟಿದ್ದಾನೆ ಎನ್ನಬಹುದು. ಭಂಗಿ ಕೊಡುವುದೇ ಅಲ್ಲಿನ ವಿಷಯ. ಆದರೆ ಬಣ್ಣದ ಚುಕ್ಕಿಗಳಿಂದ ಕಟ್ಟಿದ ಆ ಚಿತ್ರ ಅಷ್ಟು ಎತ್ತರದಲ್ಲಿರುವಾಗ ಚುಕ್ಕಿಗಳು ನೆಲದಲ್ಲಿ ನಿಂತವರ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಬಾರ್ನ್ಸ್ ಅವರ ಜೋಡಣೆಯ ಜಾಣ್ಮೆಯನ್ನು ಒಪ್ಪಿಕೊಂಡೂ, ಒಂದು ಏಣಿ ಸಿಕ್ಕಿದ್ದರೆ ಎಂದು ನನಗೆ ಅನ್ನಿಸಿದ್ದು ನಿಜ.

ನಮ್ಮಲ್ಲಿ ಇದೇ ಪ್ರಶ್ನೆಯನ್ನು ಇಟ್ಟುಕೊಂಡು ನೋಡಬೇಕಾದ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಅರಸರ ಸಂಗ್ರಹಕ್ಕೆ ಸೇರಿದ, ರಾಜಾ ರವಿವರ್ಮ 1889ರ ಸುಮಾರಿಗೆ ಬರೆದ ಆ ಸಂಗೀತಗಾರ್ತಿಯರ ಸಮೂಹದಲ್ಲಿ ಹನ್ನೊಂದು ಮಂದಿ ಸ್ತ್ರೀಯರು ದೇಶದ ಬೇರೆ ಬೇರೆ ಕಡೆಯ ಉಡುಗೆತೊಡುಗೆಯಲ್ಲಿದ್ದಾರೆ. ಒಂದೊಂದು ಸೀರೆಯ ನೆರಿಗೆಯೂ ಮುಟ್ಟಬೇಕೆನ್ನುವಷ್ಟು ಚೆಂದ. ಆದರೆ ಅವರು ಒಂದೇ ರಾಗ ಕೇಳುತ್ತಿದ್ದಾರೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಒಬ್ಬೊಬ್ಬಳ ನೋಟವೂ ಒಂದೊಂದು ಕಡೆಗಿದೆ. ಇಸ್ಪೀಟಿನ ಎಲೆಗಳನ್ನು ನೋಡುತ್ತ ಮಾತಾಡದೆ ಕೂರಬಹುದು. ಒಟ್ಟಿಗೆ ಸಂಗೀತ ನುಡಿಸುವವರು ಪರಸ್ಪರ ನೋಡದೆ ಇರುವುದು ಕಷ್ಟ.

ಬೆಂಗಳೂರಿನ ಮನೆಗೆ ಹಿಂತಿರುಗುತ್ತೇನೆ. ನಾನು ಯಜಮಾನರಿಗೆ ಕಣ್ಣುಗಳನ್ನೂ ಕೈಗಳನ್ನೂ ತೋರಿಸುತ್ತಿದ್ದಾಗ, ಅವರ ತಾಯಿ, ಹಾಸನದ ಕಡೆಯ ಹಳ್ಳಿಯಲ್ಲಿ ಬೇಸಾಯ ಮಾಡಿದವರು, ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸೋಫಾದ ಮೇಲಿದ್ದಾಗ ಅವರಿಗೆ ಈ ಚಿತ್ರ ಸರಿಯಾಗಿ ಕಂಡೇ ಇರಲಿಲ್ಲವಂತೆ. ಸ್ವಲ್ಪ ಹೊತ್ತು ನೋಡಿ, ಮೊರ ಎತ್ತಿ ರಾಗಿ ತೂರುತ್ತಿರುವ ಹೆಂಗಸನ್ನು ಕೋಲಿನಿಂದ ತೋರಿಸಿದರು.

"ಹೊಟ್ಟು ಆ ಕಡೆ ಹೋಗ್ತಾ ಇದೆ. ಇವಳ ಸೆರಗು ಈ ಕಡೆ ಹಾರ್ತಾ ಇದೆ. ಎರಡು ಕಡೆಯಿಂದ ಗಾಳಿ ಬೀಸುವಾಗ ಯಾರಾದ್ರೂ ರಾಶಿ ತೂರ್ತಾರೇನಪ್ಪ?"

"ಚಿತ್ರ ಅಲ್ವೇನಮ್ಮ ಅದು" ಎಂದರು ಮಗ.

"ಚಿತ್ರ ಆದ್ರೇನು, ಹೊಟ್ಟು ಕಣ್ಣಿಗೆ ಬೀಳಲ್ವೇನೋ?"

ಕಿಟಕಿಯ ಪರದೆ ಎಳೆದು, ಟಾರ್ಚನ್ನು ಚಿತ್ರದ ಅಂಚಿಗೆ ಹಿಡಿದು ಓರೆಯಾಗಿ ಬೆಳಕು ಬಿಟ್ಟೆ. ಹಾಗೆ ಬಿಟ್ಟ ಬೆಳಕಿನಲ್ಲಿ ಬಣ್ಣದ ಏರುತಗ್ಗುಗಳು ನೆರಳಾಗಿ ಎದ್ದು ಕಾಣುತ್ತವೆ. ರಾಶಿಯ ಇಳಿಜಾರಿನ ದಪ್ಪ ಕುಂಚದೇಟುಗಳು ಆ ಹೆಂಗಸಿನ ಬಳಿ ಬಂದು ನಿಂತಿರಲಿಲ್ಲ. ಅವಳ ಸೀರೆಯ ಅಡಿಯಲ್ಲಿ ಹಾಯ್ದು ಇನ್ನೊಂದು ಬದಿಯವರೆಗೂ ಹೋಗಿದ್ದವು. ಉಳಿದ ಆರು ಜನರೂ, ರಾಶಿಯೂ, ಹಾರುವ ಹೊಟ್ಟೂ ಮುಗಿದ ಮೇಲೆ, ಬೇರೆಲ್ಲೋ ಬರೆದುಕೊಂಡಿದ್ದ ಭಂಗಿಯೊಂದನ್ನು ಚಿತ್ರಕಾರ ತಂದು ಅಲ್ಲಿ ನಿಲ್ಲಿಸಿದ್ದಿರಬೇಕು.

"ಸೆರಗನ್ನ ಸರಿ ಮಾಡೋಕಾಗುತ್ತಾ ಮೇಡಂ?" ಎಂದು ಯಜಮಾನರು ಕೇಳಿದರು. ಅದು ನಮ್ಮ ಕೆಲಸವಲ್ಲ ಎಂದೆ. ಎಡಮೂಲೆಯಲ್ಲಿ ಬಣ್ಣ ಬಿರುಕು ಬಿಟ್ಟ ಜಾಗವನ್ನಷ್ಟೇ ವರದಿಯಲ್ಲಿ ಗುರುತು ಹಾಕಿ, ಸೆರಗಿನ ಸಂಗತಿಯನ್ನು ಅವರ ತಾಯಿಯ ಮಾತಿನ ಸಮೇತ ಬೇರೆ ಪುಟದಲ್ಲಿ ಬರೆದುಕೊಟ್ಟೆ. ಚಿತ್ರವನ್ನು ಈಗ ಕೋಣೆಯ ಉದ್ದಕ್ಕೆ ಎದುರಾಗಿರುವ ಗೋಡೆಗೆ ಹಾಕಿದ್ದಾರೆ. ಅದರ ಮುಂದೆ ಹತ್ತು ಅಡಿ ದೂರದಲ್ಲಿ ಅಜ್ಜಿಯ ಕುರ್ಚಿ ಇದೆ.