ಮದುಮಗಳ ಅಡ್ವಾನ್ಸ್ ಇನ್ನೂ ನಿಮ್ಮದಾಗಿಲ್ಲ

ಪಾರ್ಲರ್ ನಡೆಸುವ ಹೆಣ್ಣುಮಕ್ಕಳು ಲೆಕ್ಕ ಬರೆಯುವ ನನ್ನ ಆಫೀಸಿಗೆ ಬರುವುದು ಹೆಚ್ಚಾಗಿ ಜೂನ್ ತಿಂಗಳಲ್ಲಿ. ಲಗ್ನದ ಸೀಸನ್ ಮುಗಿದಿರುತ್ತದೆ, ಆಷಾಢ ಹತ್ತಿರ ಬಂದಿರುತ್ತದೆ. ಐಬ್ರೋ ಮಾಡಿಸಿಕೊಳ್ಳುವವರನ್ನು ಬಿಟ್ಟರೆ ಅಂಗಡಿ ಕಡೆ ಯಾರೂ ಸುಳಿಯುವುದಿಲ್ಲ. ಹುಬ್ಬಳ್ಳಿಯವರಿರಲಿ, ಗದಗದವರಿರಲಿ, ಎಲ್ಲರದೂ ಒಂದೇ ಮಾತು. "ಅಕ್ಕಾರ, ಈ ಸಲ ಭಾಳ ಲಗ್ನ ಮಾಡೀನ್ರಿ. ಆದ್ರ ಕೈಯಾಗ ರೊಕ್ಕನ ಉಳಿದಿಲ್ಲ. ಎಲ್ಲಿ ಹೋತು ನೀವ ನೋಡಿ ಹೇಳ್ರಿ."

ನೋಡಿ ಹೇಳಲು ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ರೊಕ್ಕ ಹೋಗಿರುವುದು ಫೆಬ್ರುವರಿಯಲ್ಲಿ. ಮೇ ತಿಂಗಳ ಲಗ್ನಕ್ಕೆ ಅಂತ ಬಂದ ಅಡ್ವಾನ್ಸ್ ಆಗಲೇ ಅಂಗಡಿ ಬಾಡಿಗೆಗೆ, ಮಕ್ಕಳ ಟ್ಯೂಷನ್ ಫೀಗೆ, ಹೊಸ ಕುರ್ಚಿಗೆ ಹೋಗಿಬಿಟ್ಟಿರುತ್ತದೆ. ಕೇಳಿದರೆ, "ಬಂದ ರೊಕ್ಕ ನಂದ ಅಲ್ಲೇನ್ರಿ?" ಅನ್ನುತ್ತಾರೆ. ಇದೊಂದು ವಿಷಯವನ್ನು ನಾನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಸಲ ಬರೆದೇ ಹೇಳುತ್ತೇನೆ.

ಅಲ್ಲ, ಆ ರೊಕ್ಕ ಇನ್ನೂ ನಿಮ್ಮದಲ್ಲ. ಮದುಮಗಳು ನಿಮ್ಮ ಕುರ್ಚಿಯಲ್ಲಿ ಕೂತು, ಮೇಕಪ್ ಮುಗಿದು, ಎದ್ದು ಮಂಟಪಕ್ಕೆ ಹೋದ ಮೇಲೆ ಅದು ನಿಮ್ಮದು. ಅಲ್ಲಿಯವರೆಗೆ ನೀವು ಆ ಮನೆಯವರಿಗೆ ಒಂದೋ ಕೆಲಸ ಕೊಡಬೇಕು, ಇಲ್ಲವೇ ರೊಕ್ಕ ತಿರುಗಿ ಕೊಡಬೇಕು. ಎರಡರಲ್ಲಿ ಒಂದು ಬಾಕಿ ಇದ್ದೇ ಇದೆ. ಕೀರ್ದಿ ಬರೆಯುವ ನಮ್ಮಂಥವರು ಅದನ್ನು ಆದಾಯದ ಕಡೆ ಹಾಕುವುದಿಲ್ಲ, ಕೊಡಬೇಕಾದದ್ದರ ಕಡೆ ಹಾಕುತ್ತೇವೆ.

"ಇರಲಿ ಬಿಡ್ರಿ, ಮೇದಾಗ ಕೆಲಸ ಮಾಡೇ ಮಾಡತೀನಲ್ಲ" ಅನ್ನಬಹುದು. ಮಾಡುತ್ತೀರಿ, ನನಗೆ ಗೊತ್ತು. ತೊಂದರೆ ಇರುವುದು ಬೇರೆ ಕಡೆ. ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ರೇಟು ನಿಮಗೆ.

ಲಕ್ಷ್ಮೇಶ್ವರದಲ್ಲಿ ಒಂದು ಲಗ್ನ. ಹಿಂದಿನ ಸಂಜೆ ರಿಸೆಪ್ಷನ್, ಮರುದಿನ ಅಕ್ಕಿಕಾಳು (ಮುಹೂರ್ತ), ಎರಡೂ ಸೇರಿ 15,000 ರೂಪಾಯಿ ಮಾತಾಗಿದೆ. ಫೆಬ್ರುವರಿಯಲ್ಲಿ 5,000 ಅಡ್ವಾನ್ಸ್ ಬಂತು, ಖರ್ಚಾಯಿತು. ಮೇ ತಿಂಗಳಲ್ಲಿ ಉಳಿದ 10,000 ಬಂತು. ಅದರಲ್ಲಿ ಹೇರ್‌ಸ್ಟೈಲ್ ಮಾಡುವ ಹುಡುಗಿಗೆ 1,500, ಸೀರೆ ಉಡಿಸುವವಳಿಗೆ 1,000, ಹೋಗಿ ಬರುವ ಕಾರಿಗೆ 2,200, ಬಳಸಿದ ಸಾಮಾನಿಗೆ 1,800. ಒಟ್ಟು ಖರ್ಚು 6,500. ಕೈಯಲ್ಲಿ ಉಳಿದದ್ದು 3,500.

ನಸುಕಿನ ಮೂರು ಗಂಟೆಗೆ ಎದ್ದು, ಪೆಟ್ಟಿಗೆ ಹೊತ್ತು, ಬೀಗರ ಮನೆಯವರ ಹತ್ತು ಮಾತು ಕೇಳಿ, ಕೊನೆಗೆ 3,500! ಆಗ ಏನನ್ನಿಸುತ್ತದೆ? "ಊರ ಹೊರಗಿನ ಲಗ್ನ ಗಿಟ್ಟೂದಿಲ್ಲ" ಅನ್ನಿಸುತ್ತದೆ. ಮುಂದಿನ ವರ್ಷ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಫೋನ್ ಬಂದರೆ ಆಗುವುದಿಲ್ಲ ಅಂತ ಹೇಳುತ್ತೀರಿ. ಇಲ್ಲವೇ ಎರಡು ಸಾವಿರ ಏರಿಸಿ ಗಿರಾಕಿ ಕಳೆದುಕೊಳ್ಳುತ್ತೀರಿ. ಆದರೆ ಆ ಲಗ್ನದಲ್ಲಿ ನಿಮಗೆ ನಿಜವಾಗಿ ಉಳಿದದ್ದು 8,500. ಒಳ್ಳೆಯ ಕೆಲಸ ಅದು. ಫೆಬ್ರುವರಿಯಲ್ಲಿ ತಿಂದ 5,000 ಮೇ ತಿಂಗಳಿಗೆ ನೆನಪಿನಲ್ಲಿ ಉಳಿದಿಲ್ಲ, ಅಷ್ಟೇ.

ನನಗೆ ಸಿಟ್ಟು ಬರುವುದು ಖರ್ಚು ಮಾಡಿದ್ದಕ್ಕಲ್ಲ. ಯಾರ ಮನೆಯಲ್ಲಿ ಅಡಚಣೆ ಇರುವುದಿಲ್ಲ ಹೇಳಿ? ಯಾವ ಕೆಲಸ ಗಿಟ್ಟುತ್ತದೆ, ಯಾವುದು ಗಿಟ್ಟುವುದಿಲ್ಲ ಅನ್ನುವುದೇ ಗೊತ್ತಾಗದ ಹಾಗೆ ಮಾಡಿಕೊಳ್ಳುತ್ತಾರಲ್ಲ, ಅದಕ್ಕೆ. ಲಾಭದ ಲಗ್ನ ಬಿಟ್ಟು ನಷ್ಟದ ಲಗ್ನ ಹಿಡಿಯುತ್ತಾರೆ.

ಇನ್ನು ಲಗ್ನ ಮುಂದೆ ಹೋದರೆ? ಕೇಶ್ವಾಪುರದ ಒಬ್ಬಾಕೆಗೆ ಹೀಗೇ ಆಯಿತು. ಲಗ್ನ ಹತ್ತಿರ ಬಂದಾಗ ಹುಡುಗಿಯ ಅಜ್ಜ ತೀರಿಕೊಂಡರು. ಸೂತಕ. ಮನೆಯವರು ಲಗ್ನ ಮುಂದೂಡಿದರು, ಯಾವಾಗ ಅಂತ ಅವರಿಗೇ ಗೊತ್ತಿರಲಿಲ್ಲ. ಅಡ್ವಾನ್ಸ್ ವಾಪಸ್ ಕೇಳಿದರು. ಜಗಳ ಮಾಡಲಿಲ್ಲ, ಸಂಕೋಚದಿಂದಲೇ ಕೇಳಿದರು. ಈಕೆ ಆ ರೊಕ್ಕದಲ್ಲಿ ಹೇರ್ ಸ್ಟೀಮರ್ ತಂದಾಗಿತ್ತು. "ರೊಕ್ಕ ಇಲ್ರಿ" ಅನ್ನಲು ಬಾಯಿ ಬರಲಿಲ್ಲ. ಭಿಸಿ, ಅಂದರೆ ಚೀಟಿ ಎತ್ತಿದಳು. ಅದರ ಸವಾಲಿನಲ್ಲಿ (ಹರಾಜಿನಲ್ಲಿ) ಬಿಟ್ಟುಕೊಟ್ಟ ರೊಕ್ಕ ನೋಡಿದರೆ ಬ್ಯಾಂಕ್ ಸಾಲವೇ ಸೋವಿಯಾಗುತ್ತಿತ್ತು. ಆ ಸ್ಟೀಮರ್ ಇವತ್ತಿಗೂ ಮೂಲೆಯಲ್ಲಿ ಕೂತಿದೆ, ಅದರ ಮೇಲೆ ಟವೆಲ್ ಒಣಗುತ್ತವೆ.

"ಅಡ್ವಾನ್ಸ್ ವಾಪಸ್ ಇಲ್ಲ ಅಂತ ವಾಟ್ಸಾಪ್‌ನಾಗ ಮೊದಲ ಹಾಕಿದ್ರ ಮುಗೀತಲ್ರಿ" ಅಂತ ಹಲವರು ಕೇಳುತ್ತಾರೆ. ಹಾಕಿ, ಒಳ್ಳೆಯದೇ. ಬರೆದಿದ್ದರೆ ಮಾತಿಗೆ ಮಾತು ಬೆಳೆಯುವುದಿಲ್ಲ. ಆದರೆ ಆ ಒಂದು ಸಾಲು ನಂಬಿ ಪೂರ್ತಿ ರೊಕ್ಕ ಇಟ್ಟುಕೊಳ್ಳಬಹುದು ಅಂತ ನಾನು ಹೇಳಲಾರೆ. ನಮ್ಮ ಕರಾರು ಕಾಯ್ದೆ 1872ರದ್ದು. ಮಾತು ಮುರಿದಾಗ ಪರಿಹಾರ ಅನ್ನುವುದು ನ್ಯಾಯವಾದ ಮಟ್ಟಕ್ಕೆ ಇರಬೇಕು ಅನ್ನುತ್ತದೆ ಅದರ 74ನೇ ಕಲಮು. ನಿಮಗೆ ನಿಜವಾಗಿ ಎಷ್ಟು ನಷ್ಟವಾಯಿತು, ಆ ತಾರೀಖಿಗೆ ಬೇರೆ ಗಿರಾಕಿ ಸಿಕ್ಕರೋ ಇಲ್ಲವೋ, ಎಲ್ಲ ಲೆಕ್ಕಕ್ಕೆ ಬರಬಹುದು. ಅವರು ಗ್ರಾಹಕರ ಆಯೋಗಕ್ಕೆ ಹೋದರೆ ಏನಾದೀತು ಅನ್ನುವುದನ್ನು ವಕೀಲರಿಗೆ ಕೇಳಿ, ನನಗಲ್ಲ. ನನ್ನ ಅನುಭವದ ಮಾತಾದರೆ: ಸೂತಕಕ್ಕೆ ಲಗ್ನ ಮುಂದೆ ಹೋದವರಿಗೆ ಹೊಸ ತಾರೀಖಿಗೆ ಅದೇ ಅಡ್ವಾನ್ಸ್ ನಡೆಯುತ್ತದೆ ಅಂತ ಹೇಳಿ. ಹತ್ತರಲ್ಲಿ ಎಂಟು ಮನೆಯವರು ಒಪ್ಪುತ್ತಾರೆ. ನಮ್ಮ ಕಡೆ ಸೂತಕದ ಮನೆಯಲ್ಲಿ ರೊಕ್ಕಕ್ಕೆ ಜಗಳ ತೆಗೆದವರ ಹೆಸರು ಬೇಗ ಊರೆಲ್ಲ ಹಬ್ಬುತ್ತದೆ, ಅಲ್ವಾ? ಹಾಗೆ ಧೈರ್ಯವಾಗಿ ಹೇಳಬೇಕಾದರೂ ರೊಕ್ಕ ಎಲ್ಲೋ ಒಂದು ಕಡೆ ಇರಬೇಕು.

ಎಲ್ಲಿ ಇಡುವುದು? ಇನ್ನೊಂದು ಬ್ಯಾಂಕ್ ಖಾತೆ ತೆಗೆಯಿರಿ, ನಿಮ್ಮದೇ ಹೆಸರಿನಲ್ಲಿ. ಅದಕ್ಕೊಂದು ಬೇರೆ ಕ್ಯೂಆರ್ ಮಾಡಿಕೊಳ್ಳಿ. ಆ ಕ್ಯೂಆರ್ ಕನ್ನಡಿಗೆ ಅಂಟಿಸಬೇಡಿ, ಫೋನ್‌ನಲ್ಲೇ ಇರಲಿ. ಬುಕಿಂಗ್ ಮಾಡುವವರಿಗೆ ಅದನ್ನು ಕಳಿಸಿ. ಫೇಶಿಯಲ್, ವ್ಯಾಕ್ಸಿಂಗ್ ರೊಕ್ಕ ಎಂದಿನಂತೆ ಅಂಗಡಿಯ ಕ್ಯೂಆರ್‌ಗೆ ಬರಲಿ. ಲಗ್ನ ಮುಗಿದು ಮನೆಗೆ ಬಂದ ಮೇಲೆ, ಆ ಒಂದು ಮದುಮಗಳ ಅಡ್ವಾನ್ಸ್ ಅಷ್ಟನ್ನೇ ಅಂಗಡಿಯ ಖಾತೆಗೆ ಹಾಕಿಕೊಳ್ಳಿ. ಸಾಮಾನು ಮೊದಲೇ ತರಬೇಕಾದರೆ ಆ ಲಗ್ನಕ್ಕೆ ಬೇಕಾದಷ್ಟು ತೆಗೆಯಿರಿ, ತೆಗೆದದ್ದು ಬರೆಯಿರಿ. ನಾನು ಹೇಳುವ ಪದ್ಧತಿ ಇಷ್ಟೇ. ಇದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ.

ಬರೆಯಿರಿ ಅಂದೆ. ಬರೆಯುವುದರ ಬಗ್ಗೆಯೂ ಒಂದು ಮಾತು. ಮೊನ್ನೆ ಒಬ್ಬರ ಡೈರಿ ನನ್ನ ಟೇಬಲ್ ಮೇಲಿತ್ತು. ಪುಟದ ತುದಿಗೆ ಕಾಜಲ್ ಹತ್ತಿದ ಹೆಬ್ಬೆರಳಿನ ಗುರುತು. ನಡುವೆ ಒಂದೇ ಸಾಲು: "ಗದಗ ಮದಿಮಗಳು – 5 ಬಂತು." ಐದು ಸಾವಿರವೋ ಐದು ನೂರೋ? ಯಾವ ಮದುಮಗಳು? ಗದಗದಲ್ಲಿ ಒಂದು ಸೀಸನ್‌ಗೆ ಒಬ್ಬಳೇ ಮದುಮಗಳೇ? ಬರೆದಾಕೆಯೂ ಬಹಳ ಹೊತ್ತು ನೋಡಿ, "ಬೆಟಗೇರಿಯಾಕಿ ಇರಬೇಕ್ರಿ, ಗೋಲ್ಡ್ ಫೇಶಿಯಲ್ ಮಾಡಿಸಿದಾಕಿ" ಅಂದಳು. ಮುಖದ ಚರ್ಮ ನೆನಪಿದೆ, ಹೆಸರಿಲ್ಲ! ಹೆಸರು, ಲಗ್ನದ ತಾರೀಖು, ಒಟ್ಟು ಮಾತಾದದ್ದು, ಬಂದದ್ದು, ಬಾಕಿ. ಐದು ವಿಷಯ ಒಂದೇ ಸಾಲಿನಲ್ಲಿ ಹಿಡಿಯುತ್ತವೆ.

ಬೇರೆ ಖಾತೆ ಅಂದ ಕೂಡಲೇ ಕೆಲವರ ಕಣ್ಣು ಮಿಂಚುತ್ತವೆ. "ಹಂಗಾದ್ರ ಟ್ಯಾಕ್ಸ್‌ನವರಿಗೆ ಕಾಣಸೂದಿಲ್ಲ ಅಲ್ರಿ?" ಕಾಣಿಸುತ್ತದೆ ಅಕ್ಕಾ. ಎರಡು ಖಾತೆ ಇರಲಿ, ನಾಲ್ಕಿರಲಿ, ಪ್ಯಾನ್ ಒಂದೇ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಸುದ್ದಿ ಎಲ್ಲ ಕಡೆ ಓಡಾಡಿತು. ಆಗ ನಮ್ಮ ಪಾರ್ಲರ್‌ನವರೂ ಹೆದರಿ ಕ್ಯೂಆರ್ ಕಿತ್ತು ಹಾಕಿ, ಅಡ್ವಾನ್ಸ್ ಎಲ್ಲ ನಗದು ಕೇಳತೊಡಗಿದರು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಆ ಮಾತೇ ಬೇರೆ. ಪಾರ್ಲರ್ ಕೆಲಸಕ್ಕೆ ಇದೆ. ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಮಾಡಿಸಬೇಕು, ರೊಕ್ಕ ಫೋನಿಗೆ ಬಂದಿರಲಿ, ಗಲ್ಲಾಕ್ಕೆ ಬಂದಿರಲಿ. ದಾಟದವರು ಸುಮ್ನೆ ಹೆದರಬೇಡಿ. ದಾಟಿದವರು ಕ್ಯೂಆರ್ ಕಿತ್ತರೆ ಏನೂ ಬದಲಾಗುವುದಿಲ್ಲ.

ನೋಂದಣಿ ಆದವರಿಗೆ ಒಂದು ತೊಡಕಿದೆ, ಅದನ್ನು ಹೇಳದೇ ಇರುವಂತಿಲ್ಲ. ಇಷ್ಟು ಹೊತ್ತು ಅಡ್ವಾನ್ಸ್ ನಿಮ್ಮದಲ್ಲ ಅಂದೆ. ಆದರೆ ಸೇವೆಗೆ ಅಡ್ವಾನ್ಸ್ ತೆಗೆದುಕೊಂಡರೆ ಅದರ ಮೇಲಿನ ಜಿಎಸ್‌ಟಿ ರೊಕ್ಕ ಬಂದ ತಿಂಗಳ ಲೆಕ್ಕಕ್ಕೇ ಸೇರುತ್ತದೆ, ಲಗ್ನ ಆಗುವವರೆಗೆ ಸರ್ಕಾರ ಕಾಯುವುದಿಲ್ಲ. ಅಡ್ವಾನ್ಸ್‌ಗೆ ರಸೀದಿ ವೋಚರ್ ಕೊಡಬೇಕು. ಕೆಲಸ ಆಗದೆ ರೊಕ್ಕ ವಾಪಸ್ ಕೊಟ್ಟರೆ ರಿಫಂಡ್ ವೋಚರ್. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಗಳ ದರ 18ರಿಂದ ಶೇಕಡಾ 5ಕ್ಕೆ ಇಳಿದಿದೆ. ಆದರೆ ಸಾಮಾನು ತರುವಾಗ ಕೊಟ್ಟ ತೆರಿಗೆಯನ್ನು ಅದರಲ್ಲಿ ಹೊಂದಿಸಿಕೊಳ್ಳುವ ಹಾಗಿಲ್ಲ. ಬಾಡಿಗೆ ಆಭರಣವನ್ನೂ ಕೊಡುವವರು ಅದರ ದರವನ್ನು ತಮ್ಮ ಲೆಕ್ಕದವರಿಂದ ಬೇರೆಯಾಗಿ ಕೇಳಿಕೊಳ್ಳಿ. ಫೆಬ್ರುವರಿ, ಮಾರ್ಚ್‌ನಲ್ಲಿ ಬಂದು ಮೇ ತಿಂಗಳಲ್ಲಿ ಕೆಲಸ ಆಗುವ ರೊಕ್ಕ ಮಾರ್ಚ್ 31ನ್ನು ದಾಟುತ್ತದೆ. ಆದಾಯ ತೆರಿಗೆಗೆ ಅದು ಯಾವ ವರ್ಷದ್ದು ಅನ್ನುವುದು ನೀವು ಲೆಕ್ಕ ಇಡುವ ಪದ್ಧತಿಯ ಮೇಲೆ ಹೋಗುತ್ತದೆ. ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ ಮಾಡಬೇಡಿ. ಬೇರೆ ಖಾತೆ ಇದ್ದರೆ ಮಾರ್ಚ್ 31ರ ರಾತ್ರಿ ಅದರಲ್ಲಿ ಎಷ್ಟಿದೆ ನೋಡಿದರೆ ಸಾಕು, ನನ್ನ ಅರ್ಧ ಕೆಲಸ ಮುಗಿಯುತ್ತದೆ.

ಗಂಡನ ಖಾತೆಗೆ ಅಡ್ವಾನ್ಸ್ ಹಾಕಿಸಿಕೊಳ್ಳುವವರಿಗೆ ಒಂದೇ ಮಾತು: ನಾಳೆ ಮುದ್ರಾ ಸಾಲಕ್ಕೆ ಹೋದಾಗ ಬ್ಯಾಂಕಿನವರು ನಿಮ್ಮ ಸ್ಟೇಟ್‌ಮೆಂಟ್ ಕೇಳುತ್ತಾರೆ. ರೊಕ್ಕ ಕಳಿಸಿದ ಸ್ಕ್ರೀನ್‌ಶಾಟ್ ನೋಡಿಯೇ ತಾರೀಖು ಹಿಡಿದಿಡುವವರಿಗೂ ಒಂದೇ ಮಾತು: ರೊಕ್ಕ ನಿಜವಾಗಿ ಬಂತೋ ಇಲ್ಲವೋ ಖಾತೆ ನೋಡಿ.

ಈ ಪದ್ಧತಿಯನ್ನು ನನ್ನಿಂದ ಕಲಿಯದೇ ಪಾಲಿಸುವವರೂ ಇದ್ದಾರೆ. ಬೆಟಗೇರಿಯಲ್ಲಿ ಒಬ್ಬ ಹಿರಿಯ ವೈನಿ. ಫೋನ್‌ನಲ್ಲಿ ರೊಕ್ಕ ತೆಗೆದುಕೊಳ್ಳುವುದು ಅವರಿಗೆ ಇವತ್ತಿಗೂ ಒಗ್ಗಿಲ್ಲ. ಅಡ್ವಾನ್ಸ್ ಕೊಡಲು ಬಂದವರಿಗೆ ಲಗ್ನಪತ್ರಿಕೆ ತರಲು ಹೇಳುತ್ತಾರೆ. ಪತ್ರಿಕೆ ಇನ್ನೂ ಅಚ್ಚಾಗಿಲ್ಲ ಅಂದರೆ ಖಾಲಿ ಕವರ್ ಮೇಲೆ ಹೆಸರು, ತಾರೀಖು ಬರೆಸಿಕೊಳ್ಳುತ್ತಾರೆ. ನೋಟುಗಳನ್ನು ಅದರೊಳಗೇ ಇಟ್ಟು ಟ್ರಂಕಿಗೆ ಹಾಕುತ್ತಾರೆ. ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿದ ಆ ಪತ್ರಿಕೆಗಳು ತಾರೀಖಿನ ಪ್ರಕಾರ ಸಾಲಾಗಿ ನಿಂತಿರುತ್ತವೆ. ಲಗ್ನಕ್ಕೆ ಹೋಗಿ ಬಂದ ಮೇಲೆಯೇ ಕವರ್ ಒಡೆಯುವುದು. ಒಮ್ಮೆ ಮಗ ಗಾಡಿಯ ಕಂತಿಗೆ ಅಂತ ಕೇಳಿದ್ದಕ್ಕೆ, "ಅದು ಆ ಹುಡುಗಿ ರೊಕ್ಕ, ನಂದಲ್ಲ" ಅಂದರಂತೆ. ಟ್ರಂಕಿನಲ್ಲಿ ಅಷ್ಟು ನಗದು ಇಡುವುದು ಒಳ್ಳೆಯದಲ್ಲ ಅಂತ ನಾನು ಹೇಳುತ್ತಲೇ ಇರುತ್ತೇನೆ. ಅವರು ನಕ್ಕು ಚಹಾ ತರುತ್ತಾರೆ. ಅವರ ಲೆಕ್ಕದಲ್ಲಿ ಮಾತ್ರ ನನಗೆ ಎಂದೂ ತಪ್ಪು ಸಿಕ್ಕಿಲ್ಲ.

ಇನ್ನು ಸಂಬಂಧಿಕರು. "ಅತ್ತಿ ತಂಗಿ ಮಗಳ ಲಗ್ನ, ಅಡ್ವಾನ್ಸ್ ಹೆಂಗ ಕೇಳೂದ್ರಿ?" ಕೇಳಲು ಆಗದಿದ್ದರೆ ಬಿಡಿ. ಉಡುಗೊರೆ ಅಂತ ಮೇಕಪ್ ಮಾಡಿಕೊಟ್ಟರೂ ನಡೆಯುತ್ತದೆ. ಅದು ನಿಮ್ಮ ಸಂಬಂಧ, ನಿಮ್ಮ ಇಷ್ಟ. ಆದರೆ ಅವರ ಲಗ್ನದ ಸಾಮಾನು, ಕಾರು, ಸೀರೆ ಉಡಿಸುವವಳ ಕೂಲಿಯನ್ನು ಬೇರೆ ಮದುಮಗಳ ಅಡ್ವಾನ್ಸ್‌ನಿಂದ ಕೊಡಬೇಡಿ. ನಿಮ್ಮ ಸ್ವಂತದ್ದರಿಂದ ಕೊಡಿ. ಉಡುಗೊರೆ ಕೊಡುವವರು ನೀವು ತಾನೆ?

ಈಗಾಗಲೇ ಈ ಸೀಸನ್‌ನ ಅಡ್ವಾನ್ಸ್ ಖರ್ಚಾಗಿದ್ದರೆ ಸಾಲ ಮಾಡಿ ಆ ತೂತು ಮುಚ್ಚಲು ಹೋಗಬೇಡಿ. ಇನ್ನು ಮುಂದೆ ಬರುವ ಮೊದಲ ಬುಕಿಂಗ್‌ನಿಂದ ಶುರು ಮಾಡಿ. ಹಳೆಯದಕ್ಕೆ ಪ್ರತಿ ಲಗ್ನದ ಬಾಕಿ ಬಂದಾಗ ಐನೂರೋ ಸಾವಿರವೋ ಆ ಖಾತೆಗೆ ಹಾಕುತ್ತ ಬನ್ನಿ. ತುಳಸಿ ಲಗ್ನ ಮುಗಿದು ಹೊಸ ಬುಕಿಂಗ್ ಬರುವ ಹೊತ್ತಿಗೆ ಬಹಳಷ್ಟು ತುಂಬಿರುತ್ತದೆ. ಖಾತೆ ತೆಗೆಯಲು ಹೋಗುವಾಗ ಆಧಾರ್, ಪ್ಯಾನ್, ಎರಡು ಫೋಟೋ ಒಯ್ಯಿರಿ. ಪಾರ್ಲರ್ ವ್ಯವಹಾರಕ್ಕೆ ಅಂತ ಹೇಳಿಯೇ ತೆಗೆಯಿರಿ, ಕರೆಂಟ್ ಖಾತೆ ಬೇಕು ಅಂದರೆ ಕನಿಷ್ಠ ಎಷ್ಟು ಇಡಬೇಕು ಅಂತ ಮೊದಲೇ ಕೇಳಿಕೊಳ್ಳಿ. ಅಲ್ಲಿ ಕೂತವರು ಖಾತೆಯ ಜೊತೆಗೊಂದು ವಿಮೆ ಪಾಲಿಸಿಯನ್ನೂ ಮುಂದೆ ಇಡಬಹುದು. "ಮನ್ಯಾಗ ಕೇಳಿ ಹೇಳತೀನ್ರಿ" ಅಂತ ಹೇಳಿ ಎದ್ದು ಬನ್ನಿ.