ಆಟೋ ಆರ್ಡರ್‌ಗೆ ಮಾರ್ಕ್ಸ್ ಹಾಕುವುದು ಹೇಗೆ?

ಮೆಡಿಕಲ್ ಶಾಪ್‌ಗಳ ಸ್ಟಾಕ್ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. ಮಾರಾಟದ ಲೆಕ್ಕ ನೋಡಿ, ಯಾವ ಮಾಲು ಯಾವಾಗ ಎಷ್ಟು ತರಿಸಬೇಕು ಅಂತ ಸಾಫ್ಟ್‌ವೇರೇ ಆರ್ಡರ್ ಮಾಡಿಕೊಡುವುದು ಆಟೋ ಆರ್ಡರ್. ಮಾಲೀಕರು ಖುಷಿಯಿಂದ ಹೇಳುವ ಮಾತೊಂದಿದೆ: 'ಆಟೋ ಆರ್ಡರ್ ಹಾಕಿಸಿದ ಮೇಲೆ ಸ್ಟಾಕ್ ಕಮ್ಮಿಯಾಗಿದೆ ಸರ್, ದುಡ್ಡು ಉಳೀತಿದೆ.' ಆರ್ಡರ್ ಹಾಕದೆ ಸುಮ್ನೆ ಕೂತರೂ ಸ್ಟಾಕ್ ಕಮ್ಮಿಯಾಗುತ್ತದೆ, ಅಲ್ವಾ?

ಕೇಳಿ ಬಂದವರಲ್ಲಿ ಎಷ್ಟು ಜನಕ್ಕೆ ಮಾಲು ಸಿಕ್ಕಿತು? ಮೊದಲು ನೋಡಬೇಕಾದ್ದು ಇದನ್ನೇ. ಇದಕ್ಕೆ ಫಿಲ್ ರೇಟ್ ಅನ್ನುತ್ತಾರೆ. ತೊಡಕೆಂದರೆ, ಸಾಫ್ಟ್‌ವೇರ್‌ಗೆ ಗೊತ್ತಿರುವುದು ಬಿಲ್ ಆದದ್ದು ಮಾತ್ರ. 'ಇಲ್ಲ' ಅನ್ನಿಸಿಕೊಂಡು ಹೋದ ಗಿರಾಕಿ ಅದರ ಲೆಕ್ಕಕ್ಕೇ ಇಲ್ಲ.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ 500 ತಗೊಳ್ಳಿ. ದಿನಕ್ಕೆ 20 ಸ್ಟ್ರಿಪ್ ಹೋಗುತ್ತದೆ ಅಂದುಕೊಳ್ಳೋಣ. ತಿಂಗಳಲ್ಲಿ 10 ದಿನ ಖಾಲಿ ಇತ್ತು. ಉಳಿದ 20 ದಿನಕ್ಕೆ 400 ಸ್ಟ್ರಿಪ್ ಮಾರಾಟವಾಯಿತು. ಸಾಫ್ಟ್‌ವೇರ್ ಅದನ್ನು 30ರಿಂದ ಭಾಗಿಸಿ, ದಿನಕ್ಕೆ 13 ಸಾಕು ಅನ್ನುತ್ತದೆ. ಮಾಲು ಬರಲು 3 ದಿನ ಬೇಕು. ಆಪತ್ತಿಗೆಂದು ಇಡುವ ಹೆಚ್ಚುವರಿ ಸ್ಟಾಕ್ ಲೆಕ್ಕಕ್ಕೆ ಹಿಡಿಯದಿದ್ದರೂ, ದಿನಕ್ಕೆ 20ರಂತೆ 60 ಉಳಿದಾಗಲೇ ಆರ್ಡರ್ ಹೋಗಬೇಕಿತ್ತು. ಈಗ 40ಕ್ಕೆ ಇಳಿಯುವವರೆಗೂ ಅದು ಅಲ್ಲಾಡುವುದಿಲ್ಲ. ಮುಂದಿನ ತಿಂಗಳು ಇನ್ನೂ ಜಾಸ್ತಿ ದಿನ ಖಾಲಿ, ಮಾರಾಟ ಇನ್ನೂ ಕಮ್ಮಿ. ರಿಪೋರ್ಟ್ ಮಾತ್ರ 'ಬೇಡಿಕೆ ಇಳಿದಿದೆ' ಅಂತ ಹೇಳುತ್ತಿರುತ್ತದೆ! ಹಾಗಾಗಿ ಸ್ಟಾಕ್ ಇದ್ದ ದಿನಗಳಿಂದ ಮಾತ್ರ ಭಾಗಿಸಿ. ಕೇಳಿ ಸಿಗದ ಮಾತ್ರೆಯನ್ನು ಬರೆದಿಡಲು ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಹುಡುಗರು ಗೊಣಗುತ್ತಾರೆ, ಗೊಣಗಲಿ.

ಫಿಲ್ ರೇಟ್ ಶೇ. 95 ಬಂದರೆ ಫಸ್ಟ್ ಕ್ಲಾಸ್ ಅನ್ನಿಸುತ್ತದೆ. ಆದರೆ ಚೀಟಿಯಲ್ಲಿ ಐದು ಔಷಧಿ ಇದ್ದು, ಒಂದೊಂದೂ ಸಿಗುವ ಸಾಧ್ಯತೆ ಶೇ. 95 ಆದರೆ, ಐದೂ ಸಿಗುವುದು 100 ಚೀಟಿಯಲ್ಲಿ ಸುಮಾರು 77ಕ್ಕೆ ಮಾತ್ರ. ಒಂದು ಸಿಗದಿದ್ದರೂ ಎಷ್ಟೋ ಜನ ಇಡೀ ಚೀಟಿ ಹಿಡಿದು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹಾಗಾಗಿ ಪೂರ್ತಿಯಾದ ಚೀಟಿಗಳನ್ನೂ ಬೇರೆಯಾಗಿ ಎಣಿಸಿ.

ಎಕ್ಸ್‌ಪೈರಿ ಲೆಕ್ಕ ಹೇಗೂ ಇಟ್ಟಿರುತ್ತೀರಿ. ಅದನ್ನು ಫಿಲ್ ರೇಟಿನ ಪಕ್ಕದಲ್ಲೇ ಇಟ್ಟು ನೋಡಿ, ಸಾಕು. ಎಲ್ಲವನ್ನೂ ರಾಶಿ ಹಾಕಿಕೊಂಡರೆ ಫಿಲ್ ರೇಟ್ ಯಾರಿಗಾದರೂ ಬರುತ್ತದೆ.

ಇನ್ನೊಂದು. ಸಾಫ್ಟ್‌ವೇರ್ ಕೊಟ್ಟ ಆರ್ಡರನ್ನು ನೀವು ಎಷ್ಟು ಸಲ ತಿದ್ದುತ್ತೀರಿ? ಅದು ಹೇಳಿದ್ದು, ನೀವು ಹಾಕಿದ್ದು, ನಿಜಕ್ಕೂ ಖರ್ಚಾದದ್ದು, ಮೂರನ್ನೂ ಅಕ್ಕಪಕ್ಕ ಬರೆದಿಡಿ. ನಾನು ನೋಡಿದ ಮಟ್ಟಿಗೆ, ಊರಲ್ಲಿ ಜ್ವರ ಶುರುವಾದಾಗ ಪ್ಯಾರಾಸಿಟಮಾಲ್, ಓಆರ್‌ಎಸ್ ವಿಷಯದಲ್ಲಿ ಮಾಲೀಕರ ಅಂದಾಜೇ ಗೆಲ್ಲುತ್ತದೆ. 10ಕ್ಕೆ 1 ಫ್ರೀ ಸ್ಕೀಮ್ ನೋಡಿ ತಿದ್ದಿದ ಆರ್ಡರ್‌ಗಳಲ್ಲಿ ಸಾಫ್ಟ್‌ವೇರ್ ಗೆಲ್ಲುತ್ತದೆ.